ಡಿಕೋಡ್ ಆಗ್ತಿಲ್ಲ ಅಂದ್ರೆ ಏನರ್ಥ?

ಯಾವುದೇ ಸಾಫ್ಟ್‌ವೇರಿನ ರಿವ್ಯೂ ಓದಿ ನೋಡಿ. ಅದು ಕೆಲಸ ಮಾಡುವಾಗ ಎಷ್ಟು ಚೆನ್ನಾಗಿದೆ ಅಂತ ಬರೆದಿರುತ್ತಾರೆ. ಕೆಲಸ ಮಾಡದೆ ಮುಷ್ಕರ ಹೂಡಿದಾಗ ಹೇಗೆ ನಡೆದುಕೊಳ್ಳುತ್ತೆ ಅಂತ ಬರೆಯುವವರು ಕಮ್ಮಿ. ಮನುಷ್ಯರ ವಿಷಯದಲ್ಲಿ ನಮ್ಮ ಅಳತೆಗೋಲು ಬೇರೆ. ಕಷ್ಟ ಬಂದಾಗಲೇ ಯಾರು ಎಂಥವರು ಅಂತ ಗೊತ್ತಾಗೋದು ಅಂತೀವಿ. ಇವತ್ತು ಒಂದು ಸಾಫ್ಟ್‌ವೇರನ್ನು ಅದೇ ಅಳತೆಗೋಲಿನಲ್ಲಿ ನೋಡೋಣ. ಹೆಸರು ಡಬ್ಲ್ಯುಎಸ್‌ಜೆಟಿ-ಎಕ್ಸ್. ಬಾಯಿಗೆ ತಿರುಗದ ಹೆಸರು ನಿಜ, ಆದರೆ ಹ್ಯಾಮ್ ರೇಡಿಯೋ ಮಂದಿಯಲ್ಲಿ ಇದನ್ನು ಕೇಳದವರು ಸಿಗೋದು ಕಷ್ಟ.

ಹ್ಯಾಮ್ ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರ ಸರ್ಕಾರದ ಸಂವಹನ ಸಚಿವಾಲಯ ನಡೆಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದರೆ ವಿಯು2 ಅಥವಾ ವಿಯು3 ಅಂತ ಶುರುವಾಗುವ ಒಂದು ಕಾಲ್‌ಸೈನ್ ಸಿಗುತ್ತೆ. ಆಮೇಲೆ ಸ್ವಂತ ರೇಡಿಯೋ, ಮಾಳಿಗೆ ಮೇಲೊಂದು ತಂತಿ, ಇಂಟರ್ನೆಟ್ಟಿನ ಹಂಗಿಲ್ಲದೆ ಬೇರೆ ದೇಶದವರ ಜೊತೆ ಸಂಪರ್ಕ. ಮೊದಲು ಮಾತಲ್ಲೋ ಮೋರ್ಸ್ ಕೋಡಲ್ಲೋ ನಡೀತಿತ್ತು. ಈಗ ಬಹಳ ಜನ ರೇಡಿಯೋವನ್ನು ಕಂಪ್ಯೂಟರಿಗೆ ಜೋಡಿಸಿ ಡಿಜಿಟಲ್ ಸಂದೇಶ ಕಳಿಸುತ್ತಾರೆ. ಅದರಲ್ಲಿ ತುಂಬಾ ಬಳಕೆಯಲ್ಲಿರೋದು ಎಫ್‌ಟಿ8 ಅನ್ನುವ ಪದ್ಧತಿ. 14.074 ಮೆಗಾಹರ್ಟ್ಸ್‌ಗೆ ರೇಡಿಯೋ ತಿರುಗಿಸಿದರೆ ಹತ್ತಾರು ಶಿಳ್ಳೆಗಳು ಒಟ್ಟಿಗೆ ಊದಿದ ಹಾಗೆ ಕೇಳುತ್ತೆ. ಮಳೆ ಬಿದ್ದ ರಾತ್ರಿ ಗದ್ದೆಯಲ್ಲಿ ಕಪ್ಪೆ ಕೂಗಿದ ಹಾಗೆ, ಯಾವ ದನಿ ಯಾರದ್ದು ಅಂತ ಕಿವಿಗೆ ತಿಳಿಯಲ್ಲ.

ಬಿಡಿಸಿ ಹೇಳೋದು ಡಬ್ಲ್ಯುಎಸ್‌ಜೆಟಿ-ಎಕ್ಸ್ ಕೆಲಸ. ಎಫ್‌ಟಿ8 ಬಂದದ್ದು 2017ರಲ್ಲಿ. ಮಾಡಿದವರು ಸ್ಟೀವ್ ಫ್ರಾಂಕೆ ಮತ್ತು ಜೋ ಟೇಲರ್. ಟೇಲರ್ ಅಂದ್ರೆ ಸಾಮಾನ್ಯರಲ್ಲ, ಜೋಡಿ ನಕ್ಷತ್ರದ ಪಲ್ಸಾರ್ ಕಂಡುಹಿಡಿದದ್ದಕ್ಕೆ ರಸೆಲ್ ಹಲ್ಸ್ ಜೊತೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದವರು. ಆಕಾಶದ ಗದ್ದಲದಿಂದ ಒಂದು ಕ್ಷೀಣ ಮಿಡಿತ ಹೆಕ್ಕಿ ತೆಗೆಯೋದು ಅವರ ವೃತ್ತಿಯೇ ಆಗಿತ್ತು. ಆ ಕೈಚಳಕ ಇಲ್ಲೂ ಕಾಣುತ್ತೆ. ಒಂದು ಸಂದೇಶದಲ್ಲಿ ಇರೋದು ಬರೀ 77 ಬಿಟ್. ಅದಕ್ಕೆ 14 ಬಿಟ್ ಚೆಕ್ಸಮ್, 83 ಬಿಟ್ ತಪ್ಪು ತಿದ್ದುವ ಕೋಡ್ ಸೇರಿಸಿ, ಎಂಟು ಸ್ವರಗಳಲ್ಲಿ 12.64 ಸೆಕೆಂಡ್ ಕಾಲ ಹಾಡಿಸುತ್ತಾರೆ. ಹಿಡಿಯೋದು 50 ಹರ್ಟ್ಸ್ ಅಗಲದ ಜಾಗ ಅಷ್ಟೆ. 2500 ಹರ್ಟ್ಸ್ ಅಗಲದ ಗದ್ದಲಕ್ಕಿಂತ ಸಿಗ್ನಲ್ ಸುಮಾರು 21 ಡೆಸಿಬೆಲ್ ಕೆಳಗಿದ್ದರೂ ಓದಬಲ್ಲುದು. ಅಂದರೆ ಗದ್ದಲದ ಶಕ್ತಿ ಸಿಗ್ನಲ್ಲಿನ ನೂರು ಪಟ್ಟಿಗಿಂತ ಹೆಚ್ಚಿರುವಾಗಲೂ! ಕಿವಿಗೆ ಏನೂ ಕೇಳದ ಕಡೆ ಇದು ಹೆಸರು ಹಿಡಿದು ಹೇಳುತ್ತೆ.

ಇಷ್ಟೆಲ್ಲಾ ಮೆಚ್ಚಿ ಈಗ ತಕರಾರಿಗೆ ಬರ್ತೀನಿ. ಡಿಕೋಡ್ ಆಗದಿದ್ದಾಗ ಈ ಸಾಫ್ಟ್‌ವೇರ್ ಏನು ಹೇಳುತ್ತೆ? ಏನೂ ಇಲ್ಲ. ಪ್ರತಿ 15 ಸೆಕೆಂಡಿಗೆ ಒಂದು ಸರದಿ ಮುಗಿಯುತ್ತೆ, ಡಿಕೋಡ್ ಬಟನ್ ಒಂದು ಕ್ಷಣ ಬಣ್ಣ ಬದಲಿಸುತ್ತೆ, ಎಡಗಡೆಯ ಕಿಟಕಿ ಖಾಲಿ. ಮತ್ತೆ 15 ಸೆಕೆಂಡ್, ಮತ್ತೆ ಖಾಲಿ. ಈ ಖಾಲಿಗೆ ಅರ್ಥ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ಬ್ಯಾಂಡಿನಲ್ಲಿ ಯಾರೂ ಇಲ್ಲದಿದ್ದರೂ ಖಾಲಿ. ಆಂಟೆನಾ ಕೇಬಲ್ ಕಿತ್ತು ಬಂದಿದ್ದರೂ ಖಾಲಿ. ರೇಡಿಯೋದ ಆಡಿಯೋ ಬದಲು ಲ್ಯಾಪ್‌ಟಾಪಿನ ಮೈಕ್ ಆಯ್ಕೆಯಾಗಿದ್ದರೂ ಖಾಲಿ. ಕಂಪ್ಯೂಟರಿನ ಗಡಿಯಾರ ನಾಲ್ಕು ಸೆಕೆಂಡ್ ಆಚೀಚೆ ಇದ್ದರೂ ಖಾಲಿ. ಎಫ್‌ಟಿ8 ಬದಲು ಎಫ್‌ಟಿ4 ಒತ್ತಿದ್ದರೂ ಖಾಲಿ. ಐದು ಕಾಯಿಲೆಗೆ ಒಂದೇ ಲಕ್ಷಣ.

ನಮ್ಮೂರ ಕಡೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ನೋಡಿದವರಿಗೆ ನನ್ನ ತಕರಾರು ಬೇಗ ಅರ್ಥವಾಗುತ್ತೆ. ಡಬ್ಬಿ ಮೇಲೆ ಮೂರು ದೀಪ: ಕೆಂಪು, ಹಳದಿ, ನೀಲಿ. ಮೋಟರ್ ಎತ್ತಲಿಲ್ಲ ಅಂದರೆ ರೈತ ಮೊದಲು ನೋಡೋದು ಆ ದೀಪಗಳನ್ನು. ಮೂರೂ ಆರಿದ್ದರೆ ಕರೆಂಟೇ ಇಲ್ಲ, ಮನೆಗೆ ಹೋಗಿ ಮಲಗು. ಒಂದು ಆರಿದ್ದರೆ ಒಂದು ಫೇಸ್ ಹೋಗಿದೆ, ಮೋಟರ್ ಸುಟ್ಟುಕೊಳ್ಳಬೇಡ. ಮೂರೂ ಉರಿದು ಮೋಟರ್ ತಿರುಗಿದರೂ ನೀರು ಬರಲಿಲ್ಲ ಅಂದರೆ ಬೋರಿನ ಕಡೆ ನೋಡು. ಡಬ್ಬಿ ಮೋಟರನ್ನು ರಿಪೇರಿ ಮಾಡಲ್ಲ. ಯಾವ ಕಡೆ ನೋಡಬೇಕು ಅಂತ ಹೇಳುತ್ತೆ, ಅಷ್ಟೆ. ನೊಬೆಲ್ ಪಡೆದವರ ತಂಡದ ಸಾಫ್ಟ್‌ವೇರಿನಲ್ಲಿ ಅಂಥ ಮೂರು ದೀಪ ಇಲ್ಲವಲ್ಲ ಅನ್ನೋದೇ ನನ್ನ ದೂರು.

ಪೂರ್ತಿ ಕತ್ತಲು ಅಂತಲೂ ಹೇಳೋಕಾಗಲ್ಲ. ಒಂದು ದೀಪ ಇದೆ. ಎಡ ಮೂಲೆಯಲ್ಲಿ ಸದ್ದಿನ ಮಟ್ಟ ತೋರಿಸುವ ಪುಟ್ಟ ಮೀಟರ್. ಸಿಗ್ನಲ್ ಇಲ್ಲದ ಬರೀ ಗದ್ದಲಕ್ಕೆ ಅದು ಸುಮಾರು 30 ಡೆಸಿಬೆಲ್ ತೋರಿಸಬೇಕು. ಸೊನ್ನೆಯ ಹತ್ತಿರ ಬಿದ್ದಿದ್ದರೆ ರೇಡಿಯೋದ ಸದ್ದು ಕಂಪ್ಯೂಟರಿಗೆ ತಲುಪುತ್ತಿಲ್ಲ. ಆಗ ಸೌಂಡ್ ಡಿವೈಸ್ ಯಾವುದು ಆಯ್ಕೆಯಾಗಿದೆ ನೋಡಿ, ವಿಂಡೋಸಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕ್ರೊಫೋನಿಗೆ ಬೀಗ ಬಿದ್ದಿದೆಯಾ ನೋಡಿ. ತೀರಾ ಮೇಲೇರಿ ಕೆಂಪಾಗಿದ್ದರೆ ಸದ್ದು ಜಾಸ್ತಿಯಾಗಿ ಅಲೆಯ ತಲೆ ಕತ್ತರಿಸಿಹೋಗುತ್ತಿದೆ. ಗೇನ್ ಇಳಿಸಬೇಕು.

ಎರಡನೇ ಸಾಕ್ಷಿ ವಾಟರ್‌ಫಾಲ್, ಅಂದರೆ ಸಿಗ್ನಲ್ಲುಗಳು ಬಣ್ಣದ ಗೆರೆಗಳಾಗಿ ಕೆಳಗೆ ಇಳಿಯುವ ಚಿತ್ರ. ಇಲ್ಲಿ ಓದಬೇಕಾದ ಸೂಕ್ಷ್ಮ ಒಂದಿದೆ. ಹಾಡು 12.64 ಸೆಕೆಂಡ್, ಸರದಿ 15 ಸೆಕೆಂಡ್. ಹಾಗಾಗಿ ಪ್ರತಿ ಸರದಿಯಲ್ಲೂ ಎರಡು ಸೆಕೆಂಡಿಗೆ ತುಸು ಮೇಲ್ಪಟ್ಟು ಎಲ್ಲರೂ ಬಾಯಿ ಮುಚ್ಚಿರುತ್ತಾರೆ. ಜಗತ್ತಿನ ಎಲ್ಲ ಎಫ್‌ಟಿ8 ನಿಲ್ದಾಣಗಳೂ ಒಂದೇ ಗಡಿಯಾರಕ್ಕೆ ಹಾಡೋದರಿಂದ ಆ ಮೌನದ ಪಟ್ಟಿ ಎಲ್ಲ ಗೆರೆಗಳಿಗೂ ಒಟ್ಟಿಗೆ ಕಾಣುತ್ತೆ. ಸಾಫ್ಟ್‌ವೇರ್ ಪ್ರತಿ ಸರದಿಯ ಶುರುವಿಗೆ ಎಳೆಯುವ ಅಡ್ಡಗೆರೆಯ ಪಕ್ಕದಲ್ಲೇ ಮೌನದ ಪಟ್ಟಿ ಇದ್ದರೆ ನಿಮ್ಮ ಗಡಿಯಾರ ಸರಿ. ಎರಡು ಅಡ್ಡಗೆರೆಗಳ ನಡುವೆ ಎಲ್ಲೋ ಇದ್ದರೆ ಗಡಿಯಾರ ತಪ್ಪು. ಪ್ರಪಂಚ ಉಸಿರು ತಗೊಳ್ಳುವಾಗ ನಿಮ್ಮ ಕಂಪ್ಯೂಟರ್ ಕಿವಿ ತೆರೆದಿದೆ, ಹಾಡಿನ ಅರ್ಧಕ್ಕೆ ಮುಚ್ಚಿಕೊಂಡಿದೆ. ಯಾವ ಟೂಲೂ ಬೇಡ, ಕಣ್ಣು ಸಾಕು. ಹಳೇ ರಾಸ್ಪ್‌ಬೆರಿ ಪೈ ಇಟ್ಟುಕೊಂಡವರು ಇದನ್ನು ಮೊದಲು ನೋಡಬೇಕು. ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ನೆಟ್ ಇಲ್ಲದ ಜಾಗದಲ್ಲಿ ಆನ್ ಮಾಡಿದರೆ ಅದು ಹಳೇ ಸಮಯದಲ್ಲೇ ಏಳುತ್ತೆ.

ಗೆರೆಗಳು ಚೆನ್ನಾಗಿವೆ, ಮೌನದ ಪಟ್ಟಿಯೂ ಸರಿಯಾದ ಜಾಗದಲ್ಲಿದೆ, ಆದರೂ ಕಿಟಕಿ ಖಾಲಿ. ಆಗ ಅನುಮಾನ ಸೈಡ್‌ಬ್ಯಾಂಡ್ ಮೇಲೆ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವವರು ಲೋಯರ್ ಸೈಡ್‌ಬ್ಯಾಂಡ್ ಬಳಸುತ್ತಾರೆ, ಎಫ್‌ಟಿ8ಗೆ ಎಲ್ಲ ಬ್ಯಾಂಡಿನಲ್ಲೂ ಅಪ್ಪರ್ ಬೇಕು. ಮಾತಿಂದ ಡಿಜಿಟಲ್ಲಿಗೆ ಹಾರುವಾಗ ಬದಲಿಸೋದು ಮರೆತರೆ ಸ್ವರಗಳು ತಲೆಕೆಳಗಾಗುತ್ತವೆ. ಮೇಲೆ ಹೋಗಬೇಕಾದ್ದು ಕೆಳಗೆ ಬರುತ್ತೆ. ಕಣ್ಣಿಗೆ ಗೆರೆ ಗೆರೆಯೇ, ಡಿಕೋಡರ್‌ಗೆ ಮಾತ್ರ ಕನ್ನಡಿಯಲ್ಲಿ ಕಂಡ ಅಕ್ಷರ.

ಅದೂ ಸರಿ ಇದ್ದರೆ? ಮೆನುವಿನೊಳಗೆ ಮಾದರಿ ರೆಕಾರ್ಡಿಂಗ್ ಇಳಿಸಿಕೊಳ್ಳುವ ಆಯ್ಕೆ ಇದೆ. ಆ ಫೈಲನ್ನು ತೆರೆದು ಡಿಕೋಡ್ ಮಾಡಿಸಿ. ಸಾಲುಗಳು ಬಂದರೆ ಡಿಕೋಡರ್ ಆರೋಗ್ಯವಾಗಿದೆ, ರೋಗ ಅದಕ್ಕಿಂತ ಮುಂಚೆ ಇದೆ: ಆಂಟೆನಾ, ರೇಡಿಯೋ, ಕೇಬಲ್, ಗಡಿಯಾರ. ಬರದಿದ್ದರೆ ಮಾತ್ರ ಇನ್‌ಸ್ಟಾಲ್ ಕೆಟ್ಟಿದೆಯಾ ಅಂತ ಯೋಚಿಸಿ. ಸರ್ಕ್ಯೂಟನ್ನು ಮಧ್ಯದಲ್ಲಿ ಕತ್ತರಿಸಿ ಯಾವ ಅರ್ಧದಲ್ಲಿ ದೋಷ ಇದೆ ಅಂತ ಹುಡುಕೋದು ಇದೇ ಅಲ್ವಾ? ಇಂಥ ಒಳ್ಳೇ ಪರೀಕ್ಷೆಯನ್ನು ತಂಡವೇ ಕೊಟ್ಟಿದೆ, ಆದರೆ ಪಾಠದ ಸಾಮಗ್ರಿ ಅಂತ ಮೂಲೆಯಲ್ಲಿಟ್ಟಿದೆ.

ಇಲ್ಲಿ ಎರಡು ಆಕ್ಷೇಪಣೆ ಬರುತ್ತೆ ಅಂತ ಗೊತ್ತು. ಮೊದಲನೆಯದು: ಪುಕ್ಕಟೆ ಸಾಫ್ಟ್‌ವೇರ್, ಜಿಪಿಎಲ್ ಲೈಸೆನ್ಸ್, ಸ್ವಯಂಸೇವಕರ ದುಡಿಮೆ, ಕೈಪಿಡಿಯಂತೂ ಅಚ್ಚುಕಟ್ಟು. ಓದಿಕೊಳ್ಳಿ ಸ್ವಾಮಿ! ಒಪ್ಪಿದೆ. ಆದರೆ ಕೈಪಿಡಿ ಓದಲು ಯಾವ ಪುಟ ಅಂತ ಗೊತ್ತಿರಬೇಕು. ಖಾಲಿ ಕಿಟಕಿ ಪುಟದ ಸಂಖ್ಯೆ ಹೇಳಲ್ಲ.

ಎರಡನೆಯದು ಇನ್ನೂ ಗಟ್ಟಿ. ಈ ಮೌನವೇ ಸಾಫ್ಟ್‌ವೇರಿನ ಪ್ರಾಮಾಣಿಕತೆ ಅನ್ನೋ ವಾದ. ಚೆಕ್ಸಮ್ ಹೊಂದಲಿಲ್ಲ ಅಂದರೆ ಅದು ಊಹೆ ಮಾಡಲ್ಲ. ಅರ್ಧಂಬರ್ಧ ಕಾಲ್‌ಸೈನ್ ತೋರಿಸಿ ನಮ್ಮನ್ನು ಮರುಳು ಮಾಡಲ್ಲ. ಈ ಶಿಸ್ತಿಗೆ ನಾನೂ ಕೈಮುಗೀತೀನಿ. ಆದರೆ ನೋಡಿ, ಎರಡು ಬೇರೆ ಮೌನಗಳಿವೆ. 'ಸಂದೇಶ ಏನು ಅಂತ ಖಾತ್ರಿಯಿಲ್ಲ, ಅದಕ್ಕೆ ಹೇಳಲ್ಲ' ಅನ್ನೋದು ಒಂದು. 'ನನ್ನ ಕಿವಿಗೆ ಹತ್ತಿ ತುರುಕಿದೆ, ಆದರೆ ಅದನ್ನೂ ಹೇಳಲ್ಲ' ಅನ್ನೋದು ಇನ್ನೊಂದು. ಮೊದಲನೆಯದು ಸಂಯಮ. ಎರಡನೆಯದು ಬಳಸುವವನನ್ನು ಕತ್ತಲಲ್ಲಿ ಬಿಡೋದು.

ಈ ಕತ್ತಲಿಗೆ ಬೆಲೆ ತೆರುವವರು ಹೊಸಬರು. ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ತಂತಿ ಕಟ್ಟಿ, ಎಲ್ಇಡಿ ಬಲ್ಬು, ಯುಪಿಎಸ್, ಚಾರ್ಜರುಗಳ ಗದ್ದಲದ ನಡುವೆ ಮೊದಲ ಸಂಜೆ ಕೂತವರಿಗೆ ಕಿಟಕಿ ಖಾಲಿ ಕಂಡರೆ ಏನನ್ನಿಸುತ್ತೆ? ನನಗಿದು ಆಗಲ್ಲ ಅಂತ. ಕೇಳಿದರೆ ಸಿಗುವ ಉತ್ತರಗಳೂ ಮಂತ್ರದ ಹಾಗೆ: 'ಟೈಮ್ ಸಿಂಕ್ ಮಾಡಿ', 'ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ', 'ಹೊಸ ಇಂಟರ್‌ಫೇಸ್ ಕೊಳ್ಳಿ'. ಏನು ಕಾಣಿಸ್ತಿದೆ, ಮೀಟರ್ ಎಷ್ಟು ತೋರಿಸ್ತಿದೆ ಅಂತ ತಿರುಗಿ ಕೇಳುವವರು ವಿರಳ. ಎಫ್‌ಟಿ8 ಅಂದರೆ ಕಂಪ್ಯೂಟರ್ ಕಂಪ್ಯೂಟರಿನ ಜೊತೆ ಮಾತಾಡೋದು, ಮನುಷ್ಯ ಬರೀ ಪ್ರೇಕ್ಷಕ ಅಂತ ಹಳೇ ತಲೆಮಾರಿನವರು ಮೂಗು ಮುರೀತಾರೆ. ಎಲ್ಲ ಸರಿ ಇದ್ದಾಗ ಅವರ ಮಾತಿನಲ್ಲಿ ಹುರುಳಿದೆ. ಕೆಟ್ಟಾಗ ಮಾತ್ರ ಇಲ್ಲಿ ಮನುಷ್ಯನ ಕಣ್ಣು, ಕಿವಿ, ತಾಳ್ಮೆಗೆ ಪೂರ್ತಿ ಕೆಲಸ ಇದೆ. ಕೆಟ್ಟದ್ದನ್ನು ಹಂತಹಂತವಾಗಿ ಹುಡುಕಿದವನು ಆ ಒಂದು ಸಂಜೆಯಲ್ಲಿ ರೇಡಿಯೋ ಬಗ್ಗೆ ಕಲಿಯೋದು ನೂರು ಸಲೀಸಾದ ಸಂಪರ್ಕಗಳಲ್ಲಿ ಕಲಿಯಲಾರ. ಆ ಕಲಿಕೆಗೆ ಸಾಫ್ಟ್‌ವೇರ್ ಹಾದಿ ತೋರಿಸಬೇಕು ಅನ್ನೋದಷ್ಟೇ ನನ್ನ ಬೇಡಿಕೆ.

ತೋರಿಸೋಕೆ ಬೇಕಾದ ಮಾಹಿತಿ ಎಷ್ಟೋ ಅದರ ಕೈಯಲ್ಲೇ ಇದೆ. ಡಿಕೋಡ್ ಆದ ಪ್ರತಿ ಸಾಲಿನಲ್ಲೂ ಡಿಟಿ ಅನ್ನುವ ಅಂಕಿ ಇರುತ್ತೆ, ಆ ಸಿಗ್ನಲ್ ನಿಮ್ಮ ಗಡಿಯಾರಕ್ಕಿಂತ ಎಷ್ಟು ಆಚೀಚೆ ಅಂತ. ಒಬ್ಬರದು 1.2 ಇದ್ದರೆ ಅವರ ಗಡಿಯಾರ ತಪ್ಪಿರಬಹುದು. ಎಲ್ಲರದೂ 1.2 ಇದ್ದರೆ ನಿಮ್ಮದನ್ನು ನೋಡಿಕೊಳ್ಳಿ. ಊರಿಗೂರೇ ಲೇಟು ಅನ್ನೋನು ತನ್ನ ವಾಚ್ ನೋಡಿಕೊಳ್ಳಬೇಕಲ್ಲ? ಇಷ್ಟು ಲೆಕ್ಕವನ್ನು ಕಂಪ್ಯೂಟರೇ ಮಾಡಿ ಒಂದು ಸಾಲು ಬರೆಯಬಹುದು. ಎಫ್‌ಟಿ8 ಬೇರಿನಿಂದಲೇ ಹುಟ್ಟಿದ ಜೆಎಸ್8ಕಾಲ್, ಕೇಳಿಸಿದ ನಿಲ್ದಾಣಗಳಿಗೆ ತಕ್ಕಂತೆ ಸಮಯ ಹೊಂದಿಸಿಕೊಳ್ಳುವ ಅನುಕೂಲ ಕೊಟ್ಟಿದೆ. ಅಂದರೆ ಆಗದ ಕೆಲಸ ಏನಲ್ಲ. ಹಾಗೇ, ಪ್ರತಿ ಹಾಡಿನ ಶುರು, ಮಧ್ಯ, ಕೊನೆಯಲ್ಲಿ ಏಳೇಳು ಸ್ವರದ ಗುರುತು ಇರುತ್ತೆ. ನಾಲ್ಕು ಸರದಿ ಖಾಲಿ ಹೋದರೆ ಅದೇ ಗುರುತನ್ನು ತಲೆಕೆಳಗಾಗಿ ಹುಡುಕಿ 'ಸೈಡ್‌ಬ್ಯಾಂಡ್ ನೋಡಿ' ಅನ್ನಬಹುದು. ಇನ್ನೂ ಹಿಂದೆ ಮುಂದೆ ಹುಡುಕಿ 'ಗಡಿಯಾರ ನೋಡಿ' ಅನ್ನಬಹುದು. ಮೀಟರ್ ಸೊನ್ನೆಯಲ್ಲಿದ್ದರೆ 'ಸದ್ದೇ ಬರ್ತಿಲ್ಲ' ಅಂತ ಅದೇ ಖಾಲಿ ಕಿಟಕಿಯಲ್ಲಿ ಬರೆಯಬಹುದು. ಮೂರು ವಾಕ್ಯ, ಮೂರು ದೀಪ.

ಸಾಫ್ಟ್‌ವೇರ್ ಬರೆದೇ ಅನ್ನ ತಿನ್ನುವ ನಾವು ಇದನ್ನು ಬರೀ ಹ್ಯಾಮ್‌ಗಳ ಗೋಳು ಅಂತ ಬಿಡೋಕಾಗಲ್ಲ. ಸರ್ವರ್ ಸತ್ತಾಗಲೂ 'ಫಲಿತಾಂಶ ಇಲ್ಲ' ಅಂತ ತೋರಿಸುವ ಆ್ಯಪ್, ಲಾಗ್ ಬರೋದೇ ನಿಂತಾಗಲೂ ಹಸಿರಾಗಿರುವ ಡ್ಯಾಶ್‌ಬೋರ್ಡ್, ಎಲ್ಲ ಇದೇ ಜಾತಿ. 'ಇಲ್ಲ' ಬೇರೆ, 'ನನಗೆ ಕಾಣ್ತಿಲ್ಲ' ಬೇರೆ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಸೋರ್ಸ್ ಕೋಡ್ ಯಾರು ಬೇಕಾದರೂ ತೆರೆದು ನೋಡುವ ಹಾಗಿದೆ. ಫೋರ್ಟ್ರಾನ್ ಕಂಡು ಹೆದರದವರು, ವಾರಾಂತ್ಯದಲ್ಲಿ ಬಿಡುವಿದ್ದವರು ಆ ಮೂರರಲ್ಲಿ ಒಂದು ದೀಪ ಹಚ್ಚಬಹುದು. ನನ್ನ ಆಯ್ಕೆ ಕೇಳಿದರೆ ಗಡಿಯಾರದ್ದು ಮೊದಲು.