ಗಂಟಲು ನೋವಿನ ತಲೆಗೆ ಕಟ್ಟಿದ ಅಪವಾದ

ಪ್ಯಾಂಡಾಸ್ ಎಂಬ ಸಿದ್ಧಾಂತಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗಲಿದ ಬೆನ್ನಿಗೇ ಕೆಲವು ಮಕ್ಕಳಲ್ಲಿ ಗೀಳು, ಕಣ್ಣು ಪಿಳುಕಿಸುವಂಥ ಟಿಕ್ಸ್, ವಿಪರೀತ ಸಿಡುಕು ಹಠಾತ್ತನೆ ಕಾಣಿಸುತ್ತವೆ ಎಂಬುದು ಅದರ ಸಾರ. ಇದನ್ನು ಮೊಬೈಲಿನಲ್ಲಿ ಓದಿಕೊಂಡ ತಂದೆತಾಯಂದಿರು ಮಗು ಹಠ ಮಾಡಿದರೂ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ವಿರುದ್ಧದ ಪ್ರತಿಕಾಯ ಅಳೆಯುವ ಎಎಸ್‌ಓ ಪರೀಕ್ಷೆ, ಆಂಟಿಬಯೋಟಿಕ್ ಕೇಳುವ ಹಂತಕ್ಕೆ ಬಂದಿದ್ದಾರೆ.

ಸೋಂಕು ಮಗುವಿನ ನಡವಳಿಕೆಯನ್ನು ಬದಲಿಸಬಲ್ಲದು ಎಂಬ ಬಗ್ಗೆ ನನ್ನ ತಕರಾರಿಲ್ಲ. ರುಮ್ಯಾಟಿಕ್ ಜ್ವರದಲ್ಲಿ ಕೈಕಾಲು ಅಂಕೆತಪ್ಪಿ ಆಡುವ ಕೊರಿಯಾ, ದಡಾರವಾಗಿ ಎಷ್ಟೋ ವರ್ಷಗಳ ಮೇಲೆ ಮೆದುಳಿಗೆ ಎರಗುವ ಎಸ್‌ಎಸ್‌ಪಿಇ ತಿಳಿದವರಿಗೆ ಅದನ್ನು ವಿವರಿಸಬೇಕಿಲ್ಲ. ತಕರಾರಿರುವುದು ಪ್ಯಾಂಡಾಸ್‌ಗೆ ಹೆಸರಿಟ್ಟ 1998ರ ಲೇಖನದ ಬಗ್ಗೆ.

ಅಮೆರಿಕದ ಸೂಸನ್ ಸ್ವೀಡೋ ಮತ್ತು ಸಂಗಡಿಗರು ಅದರಲ್ಲಿ 50 ಮಕ್ಕಳ ವಿವರ ಕೊಟ್ಟರು. ಲಕ್ಷಣಗಳು ಉಲ್ಬಣಿಸಿದ ಸಂದರ್ಭಗಳು ಒಟ್ಟು 144. ಸ್ಟ್ರೆಪ್ ಸೋಂಕು ದಾಖಲಾಗಿದ್ದದ್ದು 45ರಲ್ಲಿ. ಸೋಂಕಿತರ ಒಡನಾಟ ಮಾತ್ರ ಇದ್ದದ್ದು 6ರಲ್ಲಿ. ಇನ್ನು 60 ಸಂದರ್ಭಗಳಲ್ಲಿ ಗಂಟಲು ನೋವೋ ಶೀತವೋ ಇತ್ತು, ಆದರೆ ಗಂಟಲಿನ ಕಲ್ಚರ್ ಮಾಡಿಸಿರಲಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಇದೇ. ಶಾಲೆಗೆ ಹೋಗುವ ಮಗುವಿಗೆ ವರ್ಷದಲ್ಲಿ ಹಲವು ಸಲ ಶೀತವಾಗುತ್ತದೆ, ಹೆಚ್ಚಿನವು ವೈರಸ್ಸಿನವು. ಪರೀಕ್ಷೆಯನ್ನೇ ಮಾಡದ ಈ 60 ಸಂದರ್ಭಗಳಲ್ಲಿ ಸ್ಟ್ರೆಪ್ ಎಷ್ಟು, ವೈರಸ್ ಎಷ್ಟು ಎಂದು ಹೇಳಲು ದಾರಿಯೇ ಇಲ್ಲ. ಉಳಿದ 33ಕ್ಕೆ ಅಷ್ಟು ನಂಟೂ ಸಿಗಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ಆಯ್ಕೆಯಲ್ಲಿದೆ. ಸ್ಟ್ರೆಪ್ ಜೊತೆ ನಂಟಿರಬೇಕು ಎಂಬುದು ರೋಗ ಗುರುತಿಸುವ ಐದು ಮಾನದಂಡಗಳಲ್ಲೇ ಒಂದು. ನಂಟಿರುವ ಮಕ್ಕಳನ್ನೇ ಆರಿಸಿಕೊಂಡು, ಆಮೇಲೆ ಅವರಲ್ಲಿ ನಂಟು ಕಂಡಿತು ಎಂದರೆ ಅದು ಪುರಾವೆಯಾಗುವುದಿಲ್ಲ.

ಎಎಸ್‌ಓ ಅಂಕಿಯೂ ಈ ಕೊರತೆಯನ್ನು ತುಂಬದು. ಸೋಂಕಾದ ಮೂರರಿಂದ ಐದು ವಾರಕ್ಕೆ ಏರುವ ಆ ಅಂಕಿ ತಿಂಗಳುಗಟ್ಟಲೆ ಇಳಿಯದೆ ಇರಬಹುದು. ಒಂದೇ ಸಲ ನೋಡಿದ ಹೆಚ್ಚಿನ ಅಂಕಿ, ಸೋಂಕು ಯಾವಾಗ ಆಯಿತೆಂದು ಹೇಳುವುದಿಲ್ಲ. ಯುರೋಪಿನಲ್ಲಿ 715 ಮಕ್ಕಳನ್ನು ಹಿಂಬಾಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಟಿಕ್ಸ್ ಉಲ್ಬಣಿಸುವುದಕ್ಕೂ ಸ್ಟ್ರೆಪ್ ಸೋಂಕಿಗೂ ಸಂಬಂಧ ಕಾಣಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2017ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಸ್ಟ್ರೆಪ್ ಆದವರಲ್ಲಿ ಗೀಳು ಹೆಚ್ಚಿತ್ತು, ನಿಜ. ಆದರೆ ಸ್ಟ್ರೆಪ್ ಅಲ್ಲದ ಗಂಟಲು ಸೋಂಕಿನವರಲ್ಲೂ ಮಾನಸಿಕ ತೊಂದರೆಗಳು ಸ್ವಲ್ಪ ಹೆಚ್ಚೇ ಇದ್ದವು.

ಸೋಂಕು ಮಗುವಿನ ನಡವಳಿಕೆಯನ್ನು ಬದಲಿಸುತ್ತದೆ ಎಂಬುದು ಸುಶ್ರುತನಿಗೆ ಮೊದಲೇ ಗೊತ್ತಿತ್ತು ಎನ್ನುವವರೂ ನಮ್ಮಲ್ಲಿದ್ದಾರೆ. ಸುಶ್ರುತಸಂಹಿತೆಯ ಉತ್ತರತಂತ್ರ ಮಕ್ಕಳನ್ನು ಹಿಡಿದು ಕಾಡುವ ಒಂಬತ್ತು ಬಾಲಗ್ರಹಗಳನ್ನು ಹೇಳುತ್ತದೆ. ಸ್ಕಂದಗ್ರಹ ಹಿಡಿದ ಮಗುವಿನ ಮುಖ ಸೊಟ್ಟಗಾಗುವುದನ್ನು, ಒಂದು ಕಣ್ಣಿನ ರೆಪ್ಪೆ ಸೋಲುವುದನ್ನು, ಮೊಲೆಹಾಲು ಬೇಡವಾಗುವುದನ್ನು ಕಂಡ ಕಣ್ಣಿಗೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿ ಹೇಳಿರುವ ಕಾರಣ ಗ್ರಹ. ಬಲಿ, ಧೂಪಗಳು ಚಿಕಿತ್ಸೆಯ ಭಾಗ. ಅದಕ್ಕೆ ಸೂಕ್ಷ್ಮಾಣುವಿನ ಅರ್ಥ ತುರುಕುವುದು ಆ ಗ್ರಂಥಕ್ಕೆ ಮಾಡುವ ಗೌರವವಲ್ಲ. ಒಂದರ ಹಿಂದೆ ಒಂದು ಬಂದುದನ್ನೇ ಕಾರಣವೆಂದು ಹಿಡಿಯುವ ಅವಸರ ಇವರದ್ದೂ ಹೌದು, ಪ್ಯಾಂಡಾಸ್ ಭಕ್ತರದ್ದೂ ಹೌದು.

ಇಷ್ಟು ಗದ್ದಲದ ನಡುವೆ ಸಾಬೀತಾದ ಅಪಾಯವೇ ಮರೆಯಾಗಿದೆ. ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ, ಬೆಳ್ಳಕ್ಕಿ ಮತ್ತು ಹಂದಿಗಳಿಂದ ಜಪಾನೀಸ್ ಮೆದುಳು ಜ್ವರದ ವೈರಸ್ಸನ್ನು ಮಕ್ಕಳಿಗೆ ತರುತ್ತದೆ. ವೈರಸ್ ಹೊಕ್ಕವರಲ್ಲಿ ಮೆದುಳಿಗೆ ತಾಗುವುದು ತೀರಾ ಕಡಿಮೆ ಮಂದಿಗೆ. ತಾಗಿದರೆ ಸಾವಿನ ಪ್ರಮಾಣ ಶೇ. 30ರವರೆಗೂ ಹೋಗುತ್ತದೆ, ಶೇ. 30ರಿಂದ 50 ಮಂದಿಗೆ ಕೈಕಾಲು, ಕಲಿಕೆ, ನಡವಳಿಕೆಯ ತೊಂದರೆ ಶಾಶ್ವತವಾಗಿ ಉಳಿಯುತ್ತದೆ. ಉಡುಪಿ, ದಕ್ಷಿಣ ಕನ್ನಡವೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಲ್ಲಿ 2022ರ ಡಿಸೆಂಬರಿನಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಅಭಿಯಾನ ನಡೆದದ್ದು ಇದೇ ಕಾರಣಕ್ಕೆ.

ಉಡುಪಿ ಬಳಿಯ ಕೆಮ್ಮಣ್ಣು, ಹೂಡೆಯ ಗದ್ದೆ ಬದಿಯ ಮನೆಗಳವರಿಗೆ ನನ್ನ ಮಾತು ಇಷ್ಟೇ. ಜ್ವರದ ಜೊತೆ ಮಗು ಗುರುತು ತಪ್ಪಿ ಮಾತಾಡಿದರೆ, ಫಿಟ್ಸ್ ಬಂದರೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಎಎಸ್‌ಓ ಪರೀಕ್ಷೆಗೆ ಓಡುವ ಮೊದಲು ತಾಯಿ ಕಾರ್ಡ್ ತೆರೆದು, ಒಂಬತ್ತು ತಿಂಗಳಿಗೆ ಒಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಮತ್ತೊಮ್ಮೆ ಕೊಡುವ ಮೆದುಳು ಜ್ವರದ ಲಸಿಕೆ ಬಿದ್ದಿದೆಯೇ ನೋಡಿ. ಬಿದ್ದಿರದಿದ್ದರೆ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ.