ರೇಡ್ ಪ್ರಬಂಧದ ಮರು ಓದು

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ಜೂನ್‌ನಲ್ಲಿ ಷಿಕಾಗೊ ನಗರದ ಸಮ್ಮೇಳನವೊಂದರಲ್ಲಿ ಎಂಟು ಪುಟಗಳ ಒಂದು ಪ್ರಬಂಧ ಮಂಡಿಸಿದರು. ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಡಿಸ್ಕ್‌ನಂತೆ ಬಳಸುವ 'ರೇಡ್' ವ್ಯವಸ್ಥೆಗೆ ಹೆಸರು ಬಂದದ್ದು ಅಲ್ಲಿಂದ. ಇಂದು ಕಾಲೇಜಿನ ಸಣ್ಣ ಸರ್ವರ್‌ನಲ್ಲೂ ಅದು ಉಂಟು. ಪ್ರಬಂಧವನ್ನು ಓದದೆ ಅದರ ತೀರ್ಮಾನವನ್ನಷ್ಟೇ ನಂಬಿದವರು ಬಹಳ ಮಂದಿ. ಡಿಸ್ಕ್ ಸಮೂಹ ಕೆಟ್ಟು, ಮಾಹಿತಿಯನ್ನು ಮರಳಿ ಪಡೆಯಲು ಪರದಾಡುವವರ ಕಣ್ಣಿನಿಂದ ಅದನ್ನು ಓದಿದರೆ ಬೇರೆಯೇ ಸಂಗತಿಗಳು ಕಾಣುತ್ತವೆ.

ಪ್ರಬಂಧದ ವಾದ ಸರಳ. ಐಬಿಎಂ 3380ರಂಥ ಭಾರಿ ಬೆಲೆಯ ಒಂದು ದೊಡ್ಡ ಡಿಸ್ಕ್‌ಗೆ ಬದಲಾಗಿ, ಪರ್ಸನಲ್ ಕಂಪ್ಯೂಟರಿನಲ್ಲಿ ಬಳಸುವ 100 ಮೆಗಾಬೈಟ್‌ನ ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸೋಣ. ವೇಗ ಹೆಚ್ಚು, ವೆಚ್ಚ ಕಡಿಮೆ. ಆದರೆ ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ 100 ಡಿಸ್ಕ್‌ಗಳಲ್ಲಿ ಯಾವುದಾದರೊಂದು ಪ್ರತಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರದೊಳಗೆ, ಕೆಡುತ್ತದೆ. ಇದಕ್ಕೆ ಪರಿಹಾರ ಪ್ಯಾರಿಟಿ. ಒಂದು ಡಿಸ್ಕ್‌ನಲ್ಲಿ 1011, ಇನ್ನೊಂದರಲ್ಲಿ 0110 ಇದೆಯೆನ್ನಿ. ಎರಡರ ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಹಾಕಿ ಮೂರನೆಯದರಲ್ಲಿ 1101 ಎಂದು ಬರೆಯಿರಿ. ಎರಡನೆಯ ಡಿಸ್ಕ್ ಹೋದರೆ 1011 ಮತ್ತು 1101ಗಳ ಮೇಲೆ ಅದೇ ಕ್ರಿಯೆ ನಡೆಸಿ. 0110 ಮರಳಿ ಸಿಗುತ್ತದೆ. ಕರಿಹಲಗೆಯ ಮೇಲೆ ಐದು ನಿಮಿಷದ ಪಾಠ.

ಮುಂದಿನ ಲೆಕ್ಕ ಸೊಗಸಾಗಿದೆ. ಮಾಹಿತಿಗೆ 100, ಪ್ಯಾರಿಟಿಗೆ 10, ಒಟ್ಟು 110 ಡಿಸ್ಕ್‌ಗಳು. ಹನ್ನೊಂದು ಡಿಸ್ಕ್‌ಗಳ ಹತ್ತು ಗುಂಪುಗಳು. ಸುಮಾರು 273 ಗಂಟೆಗೊಮ್ಮೆ ಒಂದು ಕೆಡುತ್ತದೆ. ಬದಲಿ ಡಿಸ್ಕ್ ಹಾಕಿ ತುಂಬಲು ಒಂದು ಗಂಟೆ ಸಾಕು ಎಂದು ಇಟ್ಟುಕೊಂಡರೆ, ಆ ಅವಧಿಯಲ್ಲಿ ಅದೇ ಗುಂಪಿನ ಉಳಿದ ಹತ್ತರಲ್ಲಿ ಇನ್ನೊಂದು ಕೆಡುವ ಸಂಭವ 30,000ಕ್ಕೆ 10, ಅಂದರೆ 3,000ಕ್ಕೆ 1. ಗುಣಿಸಿದರೆ ಸುಮಾರು 8,20,000 ಗಂಟೆ. 90 ವರ್ಷಕ್ಕೂ ಮಿಗಿಲಾದ ನೆಮ್ಮದಿ!

ಈ 90 ವರ್ಷ ನಿಂತಿರುವುದು ಎರಡು ಗೃಹೀತಗಳ ಮೇಲೆ. ಒಂದು, ಡಿಸ್ಕ್‌ಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಡುತ್ತವೆ ಎಂಬುದು. ಲೇಖಕರು ಇದನ್ನು ಮುಚ್ಚಿಟ್ಟಿಲ್ಲ. ಭೂಕಂಪವೋ ವಿದ್ಯುತ್ತಿನ ಏಕಾಏಕಿ ಏರಿಕೆಯೋ ಆದರೆ ಲೆಕ್ಕ ನಿಲ್ಲದು ಎಂದು ಆವರಣದೊಳಗೆ ಹೇಳಿದ್ದಾರೆ. ಇದು ಡಿಸ್ಕ್‌ಗಳ ಲೆಕ್ಕ ಮಾತ್ರ, ಇಡೀ ವ್ಯವಸ್ಥೆಯದಲ್ಲ ಎಂದೂ ಎಚ್ಚರಿಸಿದ್ದಾರೆ. ಆದರೆ ಎಚ್ಚರಿಕೆ ಆವರಣದಲ್ಲೇ ಉಳಿಯಿತು, ಅಂಕಿ ಕೋಷ್ಟಕದಲ್ಲಿ ಮೆರೆಯಿತು. ನನ್ನ ಮುಖ್ಯ ಆಕ್ಷೇಪ ಇದು. ಒಂದೇ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾಗಿ, ಒಂದೇ ದಿನ ಒಂದೇ ಪೆಟ್ಟಿಗೆ ಸೇರಿ, ಒಂದೇ ಫ್ಯಾನಿನ ಗಾಳಿಯಲ್ಲಿ ಸಮನಾಗಿ ಸವೆಯುವ ಡಿಸ್ಕ್‌ಗಳು ಒಟ್ಟಿಗೆ ಕೆಡಲು ಭೂಕಂಪವೇನೂ ಬೇಕಿಲ್ಲ. ರೇಡ್ ಎಂಬ ಇಂಗ್ಲಿಷ್ ಹೆಸರಿನ 'ಐ' ಅಕ್ಷರ ಮೊದಲು 'ಅಗ್ಗದ' ಎಂಬುದನ್ನು ಸೂಚಿಸುತ್ತಿತ್ತು. ಮುಂದೆ ಉದ್ಯಮದವರು ಅದನ್ನು 'ಸ್ವತಂತ್ರ' ಎಂದು ಬದಲಿಸಿಕೊಂಡರು. ಇಲ್ಲದ ಗುಣವೇ ಹೆಸರಿಗೆ ಸೇರಿತು.

ಇದೇ ಗಿಬ್ಸನ್ 2007ರಲ್ಲಿ ಬಿಯಾಂಕಾ ಶ್ರೋಡರ್ ಅವರೊಡನೆ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿದರು. ತಯಾರಕರ ಅಂಕಿಗಳಂತೆ ವರ್ಷಕ್ಕೆ ಶೇಕಡ 0.88 ಮೀರಬಾರದಿದ್ದ ಬದಲಾವಣೆಯ ದರ ಸಾಮಾನ್ಯವಾಗಿ ಶೇಕಡ 2ರಿಂದ 4ರಷ್ಟಿತ್ತು; ಕೆಲವೆಡೆ 13ರವರೆಗೆ ಹೋಗಿತ್ತು. ಅವರು ಅಭ್ಯಸಿಸಿದ ಒಂದು ಗಣಕ ಸಮೂಹದಲ್ಲಿ, ಒಂದು ಗಂಟೆಯೊಳಗೆ ಎರಡು ಡಿಸ್ಕ್ ಕೆಡುವ ಸಂಭವ ಹಳೆಯ ಗೃಹೀತ ಹೇಳುವುದಕ್ಕಿಂತ ನಾಲ್ಕು ಪಟ್ಟು. ತಮ್ಮದೇ ಗೃಹೀತವನ್ನು ಹತ್ತೊಂಬತ್ತು ವರ್ಷಗಳ ಬಳಿಕ ಅಳತೆಗೆ ಒಡ್ಡಿದ್ದು ಮೆಚ್ಚತಕ್ಕ ಕೆಲಸ.

ಎರಡನೆಯ ಗೃಹೀತ ಆ ಒಂದು ಗಂಟೆ. 100 ಮೆಗಾಬೈಟ್ ತುಂಬಲು ಅಂದು ಕೆಲವು ನಿಮಿಷ ಸಾಕಿತ್ತು. ಇಂದಿನ 20 ಟೆರಾಬೈಟ್‌ನ ಡಿಸ್ಕ್‌ಗೆ ಸೆಕೆಂಡಿಗೆ 250 ಮೆಗಾಬೈಟ್‌ನಂತೆ ಬಿಡುವಿಲ್ಲದೆ ಬರೆದರೂ 22 ಗಂಟೆ ಬೇಕು. ಪ್ರಬಂಧದ ಸೂತ್ರದಲ್ಲಿ 1ರ ಬದಲು 24 ಗಂಟೆ ಹಾಕಿ ನೋಡಿ. 90 ವರ್ಷ ನಾಲ್ಕಕ್ಕಿಂತ ಕೆಳಗೆ ಇಳಿಯುತ್ತದೆ. ಇಂದಿನ ಡಿಸ್ಕ್‌ಗಳು 30,000 ಗಂಟೆಗಿಂತ ಹೆಚ್ಚು ಬಾಳುತ್ತವೆ, ನಿಜ. ಆದರೆ ತುಂಬುವ ಆ ಹೊತ್ತಿನಲ್ಲೇ ಉಳಿದ ಡಿಸ್ಕ್‌ಗಳನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ತಿಂಗಳುಗಟ್ಟಲೆ ಯಾರೂ ಮುಟ್ಟದ ಹಾಳು ಜಾಗಗಳು ಆಗಲೇ ಹೊರಬೀಳುತ್ತವೆ. ಎರಡು ಡಿಸ್ಕ್ ಹೋದರೂ ತಾಳುವ ಆರನೆಯ ಮಟ್ಟ ಪ್ರಬಂಧದ ಐದು ಮಟ್ಟಗಳಲ್ಲಿ ಇರಲಿಲ್ಲ, ಬಳಿಕ ಬಂತು. ತರಗತಿಗಳಲ್ಲಿ ಈ ಮಟ್ಟಗಳನ್ನು ಬಾಯಿಪಾಠ ಮಾಡಿಸುವ ಬದಲು ಇಂಥ ಒಂದು ಗುಣಾಕಾರ ಮಾಡಿಸಿದರೆ ವಿದ್ಯಾರ್ಥಿಗೆ ಹೆಚ್ಚು ತಿಳಿದೀತು.

ಪ್ರಬಂಧದ ಲೆಕ್ಕ ಎರಡನೆಯ ಡಿಸ್ಕ್ ಕೆಟ್ಟಲ್ಲಿಗೆ ಮುಗಿಯುತ್ತದೆ. ಸರ್ವರ್ ನೋಡಿಕೊಳ್ಳುವವರ ಕಷ್ಟ ಶುರುವಾಗುವುದೇ ಅಲ್ಲಿ. ಐದು ಡಿಸ್ಕ್‌ಗಳ ಒಂದು ಸಮೂಹವನ್ನು ಊಹಿಸಿಕೊಳ್ಳಿ. ಮೂರು ತಿಂಗಳ ಹಿಂದೆ ಒಂದು ಡಿಸ್ಕ್ ಹೊರಬಿದ್ದಿದೆ, ಕೆಂಪು ದೀಪವನ್ನು ಯಾರೂ ಗಮನಿಸಿಲ್ಲ. ಇಂದು ಇನ್ನೊಂದು ಹೋಯಿತು. ಗಾಬರಿಯಲ್ಲಿ ಹಳೆಯದನ್ನೇ ಬಲವಂತವಾಗಿ ಒಳಸೇರಿಸಿ ಮರುತುಂಬಿಕೆ ಶುರು ಮಾಡಿದರೆ ಮೂರು ತಿಂಗಳ ಹಳೆಯ ಬಿಟ್‌ಗಳಿಂದ ಹುಟ್ಟಿದ ಕಸ ಒಳ್ಳೆಯ ಮಾಹಿತಿಯ ಮೇಲೆ ಬೀಳುತ್ತದೆ. ಬಹಳಷ್ಟು ಮಾಹಿತಿ ಶಾಶ್ವತವಾಗಿ ಹೋಗುವುದು ಹೀಗೆ. ಮೊದಲು ಯಂತ್ರ ಆರಿಸಿ, ಯಾವ ಡಿಸ್ಕ್ ಯಾವ ಗೂಡಿನದೆಂದು ಗುರುತು ಹಾಕಿ, ಪ್ರತಿಯೊಂದನ್ನೂ ಬೇರೆ ಡಿಸ್ಕ್‌ಗೆ ಪೂರ್ತಿ ನಕಲು ಮಾಡಬೇಕು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಾಳಾದ ಜಾಗಗಳಿಗೆ ಆಮೇಲೆ ಮರಳುತ್ತದೆ. ಮುಂದಿನದೆಲ್ಲ ನಕಲುಗಳ ಮೇಲೆ.

ಐದೂ ನಕಲುಗಳ ಒಂದೇ ಸ್ಥಾನದ ಬಿಟ್‌ಗಳಿಗೆ ಪ್ಯಾರಿಟಿ ಕ್ರಿಯೆ ನಡೆಸಿದರೆ ಸೊನ್ನೆ ಬರಬೇಕು. ಬಾರದ ಸ್ಥಾನಗಳು ಆ ಮೂರು ತಿಂಗಳಲ್ಲಿ ಬದಲಾದವು. ಹಳಸಿದ ಡಿಸ್ಕ್ ಯಾವುದೆಂಬುದನ್ನು ನಿಯಂತ್ರಕದ ದಾಖಲೆ ಮತ್ತು ಕಡತಗಳ ದಿನಾಂಕಗಳಿಂದ ಪತ್ತೆಮಾಡಿ, ಅದನ್ನು ಹೊರಗಿಟ್ಟು, ಉಳಿದ ನಾಲ್ಕರಿಂದ ಅದರ ಪಾಲನ್ನು ಲೆಕ್ಕ ಹಾಕಬೇಕು. ಆ ನಾಲ್ಕರಲ್ಲಿ ಒಂದರ ಯಾವುದಾದರೂ ಜಾಗ ಓದಲಾಗದಿದ್ದರೆ ಅಲ್ಲಿ ಎರಡು ಅಜ್ಞಾತಗಳು, ಸಮೀಕರಣ ಒಂದೇ. ಆಗ ಹಳೆಯ ಡಿಸ್ಕ್ ಮತ್ತೆ ನೆರವಿಗೆ ಬರಬಹುದು: ಮೂರು ತಿಂಗಳಲ್ಲಿ ಆ ಜಾಗ ಬದಲಾಗದೆ ಉಳಿದಿದ್ದರೆ ಅದರಲ್ಲಿರುವ ಬಿಟ್‌ಗಳು ಇಂದಿಗೂ ಸರಿ. ಬದಲಾಗಿದೆಯೋ ಇಲ್ಲವೋ ಎಂಬುದನ್ನು ಕಡತ ತೆರೆದು ನೋಡಿಯೇ ತಿಳಿಯಬೇಕು.