ಸ್ಕುಟರಿಯ ವಾರ್ಡು, ಹಲಗಲಿಯ ಲಾವಣಿ: ಗಾಯದ ದಾಖಲೀಕರಣದ ಎರಡು ಮಾದರಿಗಳು

ಯುದ್ಧವನ್ನು ಕುರಿತ ಚಿತ್ರವಾಗಲಿ ಪದವಾಗಲಿ ಏನನ್ನು ತೋರಿಸುತ್ತದೆ ಎಂಬುದರಷ್ಟೇ, ಏನನ್ನು ಕಾಣದಂತೆ ಮಾಡುತ್ತದೆ ಎಂಬುದೂ ಅಧ್ಯಯನಯೋಗ್ಯ ಸಂಗತಿಯಾಗಿದೆ. ಈ ದೃಷ್ಟಿಯಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದ ಒಂದು ಮುದ್ರಿತ ಚಿತ್ರವನ್ನೂ ಮುಧೋಳ ಸೀಮೆಯ ಒಂದು ಲಾವಣಿಯನ್ನೂ ಜೊತೆಗಿಟ್ಟು ಓದುವುದು ಉಪಯುಕ್ತವೆನಿಸುತ್ತದೆ.

ವಿಲಿಯಂ ಸಿಂಪ್ಸನ್ ರಚಿಸಿದ, ಸ್ಕುಟರಿಯ ಸೈನಿಕ ಆಸ್ಪತ್ರೆಯ ಒಂದು ವಾರ್ಡನ್ನು ಚಿತ್ರಿಸುವ ಕಲ್ಲಚ್ಚಿನ ಚಿತ್ರವನ್ನು ಲಂಡನ್ನಿನ ಕೋಲ್ನಾಗಿ ಸಂಸ್ಥೆ 1856ರಲ್ಲಿ ಪ್ರಕಟಿಸಿತು. ಕ್ರಿಮಿಯಾ ಯುದ್ಧವನ್ನು ಕುರಿತ ಚಿತ್ರಮಾಲಿಕೆಯಲ್ಲಿ ಇದೂ ಒಂದು. ಎತ್ತರದ ವಿಶಾಲ ಕೊಠಡಿ, ಸಾಲುಸಾಲು ಮಂಚಗಳು, ಚೇತರಿಸಿಕೊಳ್ಳುತ್ತಿರುವ ಸೈನಿಕರು, ಅಧಿಕಾರಿಯೊಡನೆ ಮಾತನಾಡುತ್ತಿರುವ ಫ್ಲಾರೆನ್ಸ್ ನೈಟಿಂಗೇಲ್ ಇವೆಲ್ಲ ಚಿತ್ರದಲ್ಲಿವೆ. ಇಲ್ಲಿ ನೋವಿದೆ, ಆದರೆ ಅದು ಶಿಸ್ತಿಗೆ ಒಳಪಟ್ಟ ನೋವು. ನೋಡುಗನಿಗೆ ಪ್ರಭುತ್ವವು ತನ್ನ ಗಾಯಾಳುಗಳನ್ನು ಕೈಬಿಟ್ಟಿಲ್ಲವೆಂಬ ಭರವಸೆ ದೊರೆಯುತ್ತದೆ.

ಇತಿಹಾಸ ಈ ಭರವಸೆಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1855ರ ಫೆಬ್ರುವರಿಯಲ್ಲಿ ಈ ಆಸ್ಪತ್ರೆಯ ಮರಣ ಪ್ರಮಾಣ ಶೇ. 42ರಷ್ಟಿತ್ತು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುದ್ಧಗೊಳಿಸಿ, ಗಾಳಿಯ ಸಂಚಾರಕ್ಕೆ ಏರ್ಪಾಡು ಮಾಡಿದ ಅನಂತರ ಜೂನ್ ವೇಳೆಗೆ ಅದು ಶೇ. 2ರ ಆಸುಪಾಸಿಗೆ ಇಳಿಯಿತು. ಚಿತ್ರವು ತೋರಿಸುವುದು ಸುಧಾರಣೆಯ ಬಳಿಕದ ವಾರ್ಡನ್ನು. ಅದು ಸುಳ್ಳಲ್ಲ, ಆದರೆ ತಡವಾಗಿ ಬಂದ ಸತ್ಯ. ಗಮನಾರ್ಹ ಸಂಗತಿಯೆಂದರೆ, ಚಿತ್ರದೊಳಗೆ ಕರುಣಾಮಯಿಯಾಗಿ ನಿಂತ ನೈಟಿಂಗೇಲ್ ತಾವೇ 1858ರಲ್ಲಿ ಬಣ್ಣದ ಚಕ್ರಾಕಾರದ ನಕ್ಷೆಯೊಂದನ್ನು ಅಚ್ಚು ಹಾಕಿಸಿದರು. ಯುದ್ಧದ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚೆಂದು ಅದು ಸಾರಿತು. ಸಿಂಪ್ಸನ್ನನ ಚಿತ್ರ ಮರೆಸಿದ್ದನ್ನು ಈ ನಕ್ಷೆ ಎಣಿಸಿ ತೋರಿಸಿತು.

ಈ ಎಣಿಕೆ ಭಾರತಕ್ಕೂ ಬಂದಿತು. ಇಲ್ಲಿನ ಸೈನ್ಯದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ರಾಯಲ್ ಕಮಿಷನ್ನಿನ 1863ರ ವರದಿಯು ಬ್ರಿಟಿಷ್ ಸೈನಿಕರ ಮರಣ ಪ್ರಮಾಣವನ್ನು ಸಾವಿರಕ್ಕೆ 69 ಎಂದು ಗುರುತಿಸಿತು. ಆದರೆ ಆ ಲೆಕ್ಕ ಸೈನಿಕರದು. ಸೈನ್ಯವು ಯಾರ ಮೇಲೆ ನುಗ್ಗಿತೋ ಅವರಿಗೆ ಅಂತಹ ಪಟ್ಟಿಗಳಲ್ಲಿ ಅಂಕಣವಿರಲಿಲ್ಲ.

ಸ್ಕುಟರಿಯ ಚಿತ್ರ ಹೊರಬಂದ ಮರುವರ್ಷವೇ ಹಲಗಲಿಯ ಘಟನೆ ನಡೆಯಿತು. ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಧಿಕ್ಕರಿಸಿದ ಮುಧೋಳ ಸಂಸ್ಥಾನದ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಎರಗಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಈ ಪ್ರಸಂಗದ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ದಂಡಿನ ಪಕ್ಷದ ಅಧಿಕಾರಿಯೊಬ್ಬನ ಶ್ರಮದಿಂದಲೇ ದಂಡಿಗೆ ಎದುರಾದವರ ಪದ ಅಚ್ಚಿಗೆ ಬಂದಿತೆಂಬುದು ವಸಾಹತುಕಾಲದ ಸಂಗ್ರಹಕಾರ್ಯದ ವೈರುಧ್ಯವನ್ನು ಸೂಚಿಸುತ್ತದೆ.

ಈ ಲಾವಣಿಯಲ್ಲಿ ಆಸ್ಪತ್ರೆಯಿಲ್ಲ, ಮಂಚವಿಲ್ಲ, ಶುಶ್ರೂಷೆಯಿಲ್ಲ. ವೀರರು ಹೋರಾಡುತ್ತಾರೆ, ಸಾಯುತ್ತಾರೆ. ಗಾಯಗೊಂಡು ಬದುಕಿ ಉಳಿದವರು, ತಿಂಗಳುಗಟ್ಟಲೆ ನರಳಿದವರು, ಅವರಿಗೆ ಗಂಜಿ ಕುಡಿಸಿದ ಹೆಂಗಸರು ಇಲ್ಲಿ ಕಾಣುವುದಿಲ್ಲ. ಆದ್ದರಿಂದ ಅಚ್ಚಿನ ಚಿತ್ರವೆಂದರೆ ಪ್ರಭುತ್ವದ ಮರೆಮಾಚುವಿಕೆ, ಲಾವಣಿಯೆಂದರೆ ಜನರ ನೇರ ಸತ್ಯ ಎಂಬ ಸರಳ ವಿಭಜನೆ ನಿಲ್ಲಲಾರದು. ಲಾವಣಿಯಲ್ಲಿರುವುದು ಕುರ್ತಕೋಟಿಯ ಕಲ್ಮೇಶನ ಅಂಕಿತ. ಕುರ್ತಕೋಟಿ ಗದಗ ಸೀಮೆಯ ಊರು. ಅಂದರೆ ಇದು ಕೂಡ ಹೊರಗಿನಿಂದ ನೋಡಿ, ಆಯ್ದು ಕಟ್ಟಿದ ಪಠ್ಯ. ವೀರರಸದ ಒತ್ತಾಯ ಲಾವಣಿಕಾರನಿಗೂ ಇತ್ತು, ಕೊಳ್ಳುವವರ ಒತ್ತಾಯ ಚಿತ್ರಕಾರನಿಗೂ ಇತ್ತು.

ಆದರೂ ಲಾವಣಿಯ ಕೊನೆಯ ಭಾಗ ಬೇರೊಂದು ಕೆಲಸ ಮಾಡುತ್ತದೆ. ಅಲ್ಲಿ ಲೂಟಿಯಾದ ವಸ್ತುಗಳ ಪಟ್ಟಿ ಬರುತ್ತದೆ. ದುಡಿಮೆಯ ಸಲಕರಣೆ, ಅಡುಗೆಮನೆಯ ದಿನಸಿ, ಹಾಲು ಹೈನು, ಬೀಸುವ ಕಲ್ಲು, ಮಂಗಳಸೂತ್ರ ಹೀಗೆ ಸಂಸಾರವೊಂದರ ಸಮಸ್ತವೂ ಒಂದೊಂದಾಗಿ ಹೆಸರುಗೊಳ್ಳುತ್ತದೆ. ವೀರರನ್ನು ಕುರಿತ ಪದ ಇಲ್ಲಿ ಮನೆಯೊಳಗೆ ಕಾಲಿಡುತ್ತದೆ. ಅದುವರೆಗೆ ಕಾಣದಿದ್ದ ಹೆಂಗಸರು ಅವರ ವಸ್ತುಗಳ ಮೂಲಕ ಕಾಣಿಸಿಕೊಳ್ಳುತ್ತಾರೆ. ಇದನ್ನು ಕೇವಲ ವರ್ಣನೆಯೆಂದು ತಿಳಿಯಲಾಗದು. ನೈಟಿಂಗೇಲರ ನಕ್ಷೆ ಅಂಕಿಗಳಲ್ಲಿ ಮಾಡಿದ ಕೆಲಸವನ್ನು ಈ ಪಟ್ಟಿ ಹೆಸರುಗಳಲ್ಲಿ ಮಾಡಿದೆ. ಎರಡೂ ನಷ್ಟದ ಲೆಕ್ಕಗಳೇ. ಒಂದು ಸರ್ಕಾರವನ್ನು ಒಪ್ಪಿಸಲು ಹೊರಟಿತು, ಇನ್ನೊಂದು ಕೇಳುವ ಜನರ ನೆನಪನ್ನು ನಂಬಿತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪರಿಸರ ಲಾವಣಿ, ರಿವಾಯತ್, ಭಜನೆ ಪದಗಳಿಂದ ಸಮೃದ್ಧವಾದುದು. ಇಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರು ವೀರನ ಹೆಸರನ್ನು ಬರೆದುಕೊಂಡಷ್ಟೇ ಶ್ರದ್ಧೆಯಿಂದ ಬೀಸುವ ಕಲ್ಲಿನ ಹೆಸರನ್ನೂ ಬರೆದುಕೊಳ್ಳಬೇಕಾಗಿದೆ. ಸ್ಕುಟರಿಯ ವಾರ್ಡಿನಲ್ಲಿ ಗಾಯಾಳುವಿಗೆ ಮಂಚವಿತ್ತು, ಅದನ್ನು ಬರೆಯಲು ಚಿತ್ರಕಾರನಿದ್ದ. ಹಲಗಲಿಯ ಗಾಯಕ್ಕೆ ದೊರೆತದ್ದು ಕಳೆದುಹೋದ ವಸ್ತುಗಳ ಒಂದು ಪಟ್ಟಿ ಮಾತ್ರ. ಆ ಪಟ್ಟಿಯನ್ನು ಓದುವ ಕ್ರಮವನ್ನು ರೂಪಿಸಿಕೊಳ್ಳುವುದು ಜಾನಪದ ವಿಮರ್ಶೆಯ ಹೊಣೆಯಾಗಿದೆ.